ಫೋನಿನ ಆ ಕಡೆ ಯಾರಿದ್ದಾರೆ?

ಅಣುಸ್ಥಾವರಗಳ ಸುರಕ್ಷತೆಯ ಮಾತು ಬಂದಾಗಲೆಲ್ಲ ನಮ್ಮ ತಜ್ಞರು ಕಾಂಕ್ರೀಟಿನ ದಪ್ಪ ಹೇಳುತ್ತಾರೆ, ಉಕ್ಕಿನ ಗುಣ ಹೇಳುತ್ತಾರೆ, ಒಂದರ ಹಿಂದೊಂದು ನಿಂತಿರುವ ತಡೆಗೋಡೆಗಳ ಲೆಕ್ಕ ಒಪ್ಪಿಸುತ್ತಾರೆ. ಟೆಲಿಫೋನಿನ ಬಗ್ಗೆ ಮಾತ್ರ ಯಾರೂ ಬಾಯಿ ಬಿಡುವುದಿಲ್ಲ. ಆದರೆ ದೊಡ್ಡ ಅಣು ಅವಘಡಗಳ ತನಿಖಾ ವರದಿಗಳನ್ನು ತಿರುವಿ ನೋಡಿ. ಸತ್ತುಹೋದ ಫೋನು, ಯಾರೂ ಎತ್ತದ ಫೋನು, ಎತ್ತಿದರೂ ತಪ್ಪು ಸುದ್ದಿ ಹೇಳಿದ ಫೋನು ಮತ್ತೆ ಮತ್ತೆ ಎದುರಾಗುತ್ತವೆ.

ಅಮೆರಿಕದ ತ್ರೀ ಮೈಲ್ ಐಲ್ಯಾಂಡ್ ಸ್ಥಾವರದಲ್ಲಿ 1979ರ ಮಾರ್ಚ್ 28ರ ನಸುಕಿನ ನಾಲ್ಕು ಗಂಟೆಗೆ ಅನಾಹುತ ಶುರುವಾಯಿತು. ಏಳರ ಸುಮಾರಿಗೆ ತುರ್ತು ಸ್ಥಿತಿ ಘೋಷಿಸಿದ ಸ್ಥಾವರದವರು ಅಣು ನಿಯಂತ್ರಣ ಆಯೋಗದ ಪ್ರಾದೇಶಿಕ ಕಚೇರಿಗೆ ಫೋನು ಮಾಡಿದರು. ಎತ್ತಿಕೊಂಡದ್ದು ಕಚೇರಿಯವರಲ್ಲ, ಕಚೇರಿ ಮುಚ್ಚಿದ್ದಾಗ ಕರೆಗಳನ್ನು ಬರೆದಿಟ್ಟುಕೊಳ್ಳುವ ಬಾಡಿಗೆ ಸೇವೆಯವರು. ಸಂಬಂಧಪಟ್ಟ ಅಧಿಕಾರಿ ಮನೆ ಬಿಟ್ಟು ದಾರಿಯಲ್ಲಿದ್ದರು. ಏಳೂಮುಕ್ಕಾಲಕ್ಕೆ ಕಚೇರಿ ತೆರೆದ ಮೇಲೆಯೇ ಸುದ್ದಿ ಮುಟ್ಟಿದ್ದು. ಅಷ್ಟರಲ್ಲಿ ರಿಯಾಕ್ಟರಿನ ಒಡಲು ಕರಗತೊಡಗಿತ್ತು. ಮುಂದಿನ ಎರಡು ದಿನ ಊರಿನ ಫೋನುಗಳೆಲ್ಲ ಕರೆಗಳ ಒತ್ತಡಕ್ಕೆ ಕಟ್ಟಿಕೊಂಡು, ಕೊನೆಗೆ ಅಧ್ಯಕ್ಷರ ಶ್ವೇತಭವನವೇ ಪ್ರತ್ಯೇಕ ತಂತಿ ಎಳೆಸಬೇಕಾಯಿತು.

ಆಮೇಲೆ ಎಲ್ಲ ಸ್ಥಾವರಗಳಿಗೂ ಆಯೋಗದಿಂದ ನೇರ ತಂತಿ ಬಂತು. ಮನೆಗೆ ಬೆಂಕಿ ಬಿದ್ದಾಗ ತೋಡಿದ ಬಾವಿ. ತೋಡಿದ ಮೇಲೆ ಹಗ್ಗವಿಲ್ಲವೆಂದು ಗೊತ್ತಾಯಿತು. 1980ರ ಜೂನ್ ತಿಂಗಳಲ್ಲಿ ಅದೇ ಆಯೋಗ ಸ್ಥಾವರಗಳಿಗೆಲ್ಲ ಎಚ್ಚರಿಕೆಯ ಸುತ್ತೋಲೆ ಕಳಿಸಿತು: ಹೊರಗಿನ ವಿದ್ಯುತ್ ಹೋದರೆ ಈ ತುರ್ತು ಫೋನೂ ಹೋಗಬಹುದು! ಯಾವ ಗಳಿಗೆಗೆಂದು ಆ ಫೋನನ್ನು ಇಟ್ಟಿದ್ದರೋ ಆ ಗಳಿಗೆಗೇ ಅದು ಮೂಕವಾಗುವ ಸಾಧ್ಯತೆ. ವಿದ್ಯುತ್ ತಯಾರಿಸುವ ಕಾರ್ಖಾನೆಯಲ್ಲಿ ವಿದ್ಯುತ್ ಹೋಗುವುದನ್ನು ಯಾರೂ ಯೋಚಿಸಿರಲಿಲ್ಲ ಎಂದರೆ ನಗಬೇಕೋ ಅಳಬೇಕೋ.

ಈಗ ಲೋಕದಲ್ಲೆಲ್ಲ ತಾಮ್ರದ ತಂತಿಯ ಕಾಲ ಮುಗಿಯುತ್ತಿದೆ. ಗಾಜಿನ ಎಳೆಯ ಕೇಬಲ್, ಇಂಟರ್ನೆಟ್ಟಿನ ಮೇಲೆ ಓಡುವ ಫೋನು, ಉಪಗ್ರಹ ಫೋನು ಬಂದಿವೆ. ಸ್ಥಾವರಗಳ ಹಳೆಯ ತುರ್ತು ಲೈನುಗಳನ್ನೂ ಕಿತ್ತು ಹೊಸದು ಹಾಕಲೇಬೇಕು. ಬಿಡಿಭಾಗ ಸಿಗದ, ರಿಪೇರಿ ಬಲ್ಲವರಿಲ್ಲದ ಯಂತ್ರವನ್ನು ಯಾವ ಧೈರ್ಯದ ಮೇಲೆ ನಂಬಿ ಕೂರುವುದು? ನಮ್ಮಲ್ಲಿ 2020ರ ಜನವರಿ ಕೊನೆಯ ಒಂದೇ ದಿನ ಬಿಎಸ್ಸೆನ್ನೆಲ್‌ನಿಂದ 78 ಸಾವಿರಕ್ಕೂ ಹೆಚ್ಚು ನೌಕರರು ಸ್ವಯಂನಿವೃತ್ತಿ ಪಡೆದು ಹೊರನಡೆದರು. ಕಂಬ ಹತ್ತಿ, ಗುಂಡಿ ಇಳಿದು ಜೋಡಿ ತಂತಿಯ ನಾಡಿ ಹಿಡಿದು ನೋಡುತ್ತಿದ್ದ ಲೈನ್‌ಮನ್ನರ ತಲೆಮಾರು ಅದು.

ಆದರೆ ಹಳತು ಎಂದು ಎಸೆಯುವ ಮೊದಲು ಅದರಲ್ಲೇನಿತ್ತು ಎಂದು ನೋಡಬೇಕಲ್ಲ. ಮಳೆಗಾಲದ ರಾತ್ರಿ ಕರೆಂಟು ಹೋದರೂ ಹಳೆಯ ಕರಿ ಫೋನು ಹೇಗೆ ಗಣಗಣಿಸುತ್ತಿತ್ತು ಎಂಬುದು ನಲವತ್ತು ದಾಟಿದವರಿಗೆಲ್ಲ ನೆನಪಿರುತ್ತದೆ. ಅದಕ್ಕೆ ಮನೆಯ ಕರೆಂಟು ಬೇಕಿರಲಿಲ್ಲ. ದೂರದ ಎಕ್ಸ್‌ಚೇಂಜಿನ ಬ್ಯಾಟರಿಗಳಿಂದ 48 ವೋಲ್ಟು ಅದೇ ತಂತಿಯಲ್ಲಿ ಹರಿದು ಬರುತ್ತಿತ್ತು. ಹೊಸ ಫೋನಿಗೆ ಕೋಣೆಯಲ್ಲೊಂದು ಪೆಟ್ಟಿಗೆ ಬೇಕು, ಪೆಟ್ಟಿಗೆಗೆ ಅದೇ ಕೋಣೆಯ ವಿದ್ಯುತ್ ಬೇಕು. ಬೇರೆ ಬ್ಯಾಟರಿ, ಬೇರೆ ಜನರೇಟರ್ ಇಡದೆ ಬದಲಾಯಿಸಿದರೆ ನಾವು ಮುಂದೆ ಹೋಗುವುದಿಲ್ಲ, ನೇರವಾಗಿ 1980ರ ಸುತ್ತೋಲೆಗೆ ಹಿಂದಿರುಗುತ್ತೇವೆ.

ದಾರಿಯೂ ಬೇರೆಯಾಗಿರಬೇಕು. ಇದನ್ನು ಕಲಿಯಲು ಅಮೆರಿಕಕ್ಕೆ ಹೋಗಬೇಕಿಲ್ಲ. ಉತ್ತರ ಪ್ರದೇಶದ ನರೋರಾ ಸ್ಥಾವರದಲ್ಲಿ 1993ರ ಮಾರ್ಚ್ 31ರಂದು ಟರ್ಬೈನಿನ ಅಲಗು ಮುರಿದು ಬೆಂಕಿ ಹೊತ್ತಿತು. ಮೂಲ ಕೇಬಲ್ಲೂ ಅದು ಕೆಟ್ಟರೆ ಇರಲಿ ಎಂದು ಹಾಕಿದ ಬದಲಿ ಕೇಬಲ್ಲೂ ಸರಿಯಾದ ತಡೆಯಿಲ್ಲದೆ ಅಕ್ಕಪಕ್ಕ ಮಲಗಿದ್ದವು, ಒಟ್ಟಿಗೇ ಸುಟ್ಟವು. ಸ್ಥಾವರ ಹದಿನೇಳು ಗಂಟೆ ವಿದ್ಯುತ್ತಿಲ್ಲದೆ ಕತ್ತಲಲ್ಲಿತ್ತು. ನಿಯಂತ್ರಣ ಕೊಠಡಿಗೆ ಹೊಗೆ ತುಂಬಿ ಸಿಬ್ಬಂದಿ ಹೊರಗೋಡಬೇಕಾಯಿತು. ಒಂದೇ ಚರಂಡಿಯಲ್ಲಿ ಹಾಕಿದ ಎರಡು ತಂತಿಯನ್ನು ಎರಡು ಎಂದು ಎಣಿಸುವುದು ಟೆಂಡರ್ ಕಾಗದದಲ್ಲಿ ಮಾತ್ರ ಸಾಧ್ಯ.

ಇನ್ನು ಜಪಾನ್. ಶಿಸ್ತಿಗೆ ಹೆಸರಾದ ದೇಶ. 2011ರ ಮಾರ್ಚ್ 11ರ ಸುನಾಮಿಯ ನಂತರ ಫುಕುಶಿಮಾ ಸ್ಥಾವರದೊಳಗಿನ ಕೈಫೋನುಗಳು ಒಂದೊಂದಾಗಿ ಸತ್ತವು. ಇಂಥ ದಿನಕ್ಕೆಂದೇ ಸ್ಥಾವರದಿಂದ ಐದು ಕಿಲೋಮೀಟರ್ ದೂರದಲ್ಲಿ ತುರ್ತು ಕೇಂದ್ರವೊಂದನ್ನು ಕಟ್ಟಿದ್ದರು. ಅದರ ವಿದ್ಯುತ್ತೂ ಹೋಯಿತು, ಲೈನುಗಳೂ ಹೋದವು, ಉಪಗ್ರಹ ಫೋನಿನಂಥ ಒಂದೆರಡು ದಾರಿ ಮಾತ್ರ ಉಳಿಯಿತು. ವಿಕಿರಣ ತಡೆಯುವ ಸೋಸುಕವೂ ಇಲ್ಲದೆ ನಾಲ್ಕೇ ದಿನಕ್ಕೆ ಆ ಕೇಂದ್ರವೇ ಗುಳೆ ಹೋಯಿತು. ತಂತಿ ಉಳಿದಲ್ಲಿಯಾದರೂ ಸುದ್ದಿ ಓಡಿತೇ? ಮೂರನೆಯ ಘಟಕದಲ್ಲಿ 13ರ ನಸುಕಿನ 2 ಗಂಟೆ 42 ನಿಮಿಷಕ್ಕೆ ಸಿಬ್ಬಂದಿ ನೀರುಣಿಸುವ ಪಂಪನ್ನು ನಿಲ್ಲಿಸಿದರು. ಈ ವಿಷಯ ಅದೇ ಆವರಣದಲ್ಲಿದ್ದ ಮುಖ್ಯಸ್ಥರ ಕಿವಿಗೆ ಬೀಳಲು ಒಂದು ಗಂಟೆಗೂ ಮಿಕ್ಕಿ ಹಿಡಿಯಿತು. ಆದ್ದರಿಂದ ಹೊಸ ಉಪಕರಣ ಖರೀದಿಸಿ ಕೈ ತೊಳೆದುಕೊಳ್ಳುವವರ ಮಾತನ್ನು ನಾನು ನಂಬುವುದಿಲ್ಲ.

ಆದರೆ ಆ ದೇಶದ ಸಂಸತ್ತಿನ ತನಿಖಾ ಆಯೋಗ ಬರೆದಿಟ್ಟ ಇನ್ನೊಂದು ಸಂಗತಿ ನನ್ನನ್ನು ಇದಕ್ಕಿಂತ ಹೆಚ್ಚು ಕಾಡುತ್ತದೆ. 11ರ ರಾತ್ರಿ 9 ಗಂಟೆ 23 ನಿಮಿಷಕ್ಕೆ ಮೂರು ಕಿಲೋಮೀಟರ್ ಒಳಗಿನವರು ಮನೆ ಬಿಡಬೇಕೆಂದು ಸರಕಾರ ಆಜ್ಞೆ ಹೊರಡಿಸಿದಾಗ, ಸ್ಥಾವರವಿದ್ದ ಊರಿನಲ್ಲಿಯೇ ಅವಘಡದ ವಿಷಯ ಗೊತ್ತಿದ್ದದ್ದು ನೂರಕ್ಕೆ ಇಪ್ಪತ್ತು ಜನರಿಗೆ! ಪಕ್ಕದ ನಮಿಯೆ ಪಟ್ಟಣದ ಆಡಳಿತಕ್ಕೆ ಮನೆ ಬಿಡುವ ಆಜ್ಞೆ ಗೊತ್ತಾದದ್ದು ಟಿವಿ ನೋಡಿ. ಅಣುಸ್ಥಾವರದ ತಂತಿಗಳೆಲ್ಲ ಮೇಲಕ್ಕೆ ಹೋಗುತ್ತವೆ: ಕಂಪನಿಗೆ, ಇಲಾಖೆಗೆ, ರಾಜಧಾನಿಗೆ. ಪಕ್ಕದ ಮನೆಗೆ ಒಂದೂ ಹೋಗುವುದಿಲ್ಲ.

ಉರ್ದುವಿನಲ್ಲಿ ಖಬರ್ ಎಂದರೆ ಸುದ್ದಿ. ಖಬರ್ದಾರ್ ಎಂದರೆ ಸುದ್ದಿ ಉಳ್ಳವನು, ಅದರಿಂದಲೇ ಎಚ್ಚರವಾಗಿರುವವನು. ಕನ್ನಡಕ್ಕೆ ಬರುವಷ್ಟರಲ್ಲಿ ಖಬರ್ದಾರ್ ಪೊಲೀಸಪ್ಪನ ಲಾಠಿಯ ಪದವಾಯಿತು. ನಮ್ಮ ಅಣು ಇಲಾಖೆ ಕಲಿತದ್ದು ಈ ಎರಡನೆಯ ಅರ್ಥವನ್ನು ಮಾತ್ರ. ಖಬರು ತಮ್ಮಲ್ಲಿ, ಖಬರ್ದಾರ್ ಜನರಿಗೆ.

ಕೈಗಾದಲ್ಲಿ 2009ರ ನವೆಂಬರಿನಲ್ಲಿ ಕುಡಿಯುವ ನೀರಿನ ಕೂಲರಿಗೆ ಯಾರೋ ಟ್ರೀಷಿಯಂ ಬೆರೆಸಿದ್ದರು. ಐವತ್ತಕ್ಕೂ ಹೆಚ್ಚು ನೌಕರರ ದೇಹಕ್ಕೆ ಅದು ಸೇರಿದ್ದು ಮೂತ್ರ ಪರೀಕ್ಷೆಯಲ್ಲಿ ಗೊತ್ತಾಯಿತು. ಕಾರವಾರದವರೂ ಸೇರಿ ನಾವೆಲ್ಲ ಅದನ್ನು ತಿಳಿದದ್ದು ಕೆಲವು ದಿನಗಳ ಮೇಲೆ, ಪತ್ರಿಕೆ ಮತ್ತು ಟಿವಿಯಿಂದ. ಅಂದು ಯಾವ ತಂತಿ ತುಂಡಾಗಿತ್ತು?

ಕೈಗಾದ ಮೊದಲ ಘಟಕ 2018ರಲ್ಲಿ ಸತತ 962 ದಿನ ಓಡಿ ದಾಖಲೆ ಮಾಡಿದ್ದನ್ನು ನನಗೆ ನೆನಪಿಸುವವರಿದ್ದಾರೆ. ಅದು ಸಣ್ಣ ಸಾಧನೆಯಲ್ಲ, ಅಲ್ಲಿ ದುಡಿಯುವವರಿಗೆ ಸಲ್ಲಬೇಕಾದ ಗೌರವ ಸಲ್ಲಲಿ. ಆದರೆ ಓಡುವ ಬಸ್ಸಿನ ಚಾಲಕ ಎಷ್ಟು ಒಳ್ಳೆಯವನಾದರೂ ತುರ್ತು ಬಾಗಿಲಿಗೆ ಬೀಗ ಹಾಕುವುದಿಲ್ಲ ತಾನೇ? ಸ್ಥಾವರದ ಬೇಲಿಯ ಹೊರಗೆ ತುರ್ತು ಬಂದರೆ ಹದಿನಾರು ಕಿಲೋಮೀಟರ್ ಸುತ್ತಳತೆಯ ಜನರನ್ನು ನೋಡಿಕೊಳ್ಳುವ ಹೊಣೆ ಜಿಲ್ಲಾಧಿಕಾರಿಯದು. ಆಗಾಗ ಅಣಕು ಕಾರ್ಯಾಚರಣೆಗಳೂ ನಡೆಯುತ್ತವೆ. ಅಂಥ ಕಾರ್ಯಾಚರಣೆಗಳೇ ಸಿದ್ಧತೆ ಸಾಲದೆಂಬುದನ್ನು ತೋರಿಸಿಕೊಟ್ಟಿವೆ ಎಂದು ಮಹಾಲೇಖಪಾಲರು 2012ರ ವರದಿಯಲ್ಲಿ ಬರೆದರು. ತಿದ್ದಿಕೊಳ್ಳಿ ಎಂದು ಹೇಳಿದ್ದನ್ನು ಮಾಡಿಸುವ ಅಧಿಕಾರ ಅಣುಶಕ್ತಿ ನಿಯಂತ್ರಣ ಮಂಡಳಿಗೆ ಇಲ್ಲ ಎಂದೂ ಬರೆದರು.

ಆ ಹದಿನಾರು ಕಿಲೋಮೀಟರ್ ಎಂಥದ್ದು? ಘಟ್ಟ, ಕಾಡು, ಕಾಳಿ ನದಿ. 2019ರ ಆಗಸ್ಟಿನಲ್ಲಿ ಕದ್ರಾ ಅಣೆಕಟ್ಟಿನಿಂದ ನೀರು ಬಿಟ್ಟಾಗ ಕೆಳಗಿನ ಊರುಗಳಿಗೆ ನೆರೆ ನುಗ್ಗಿತು. 2024ರ ಜುಲೈ 16ರಂದು ಅದೇ ಜಿಲ್ಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯನ್ನು ಮುಚ್ಚಿತು. ಮೂರು ವಾರದಲ್ಲಿ ಕಾರವಾರದ ಕಾಳಿ ಸೇತುವೆಯೇ ಮುರಿದು ಬಿತ್ತು. ಕೇಬಲ್ಲುಗಳನ್ನು ನಾವು ಹೂಳುವುದು ಇಂಥ ರಸ್ತೆಗಳ ಬದಿಯಲ್ಲೇ, ಎಳೆಯುವುದು ಇಂಥ ಸೇತುವೆಗಳ ಮೇಲೆಯೇ.

ಮೊಬೈಲಿಗೆ ಎಚ್ಚರಿಕೆ ಬರುತ್ತದಲ್ಲ ಎನ್ನುತ್ತೀರಿ. 2023ರ ಅಕ್ಟೋಬರಿನಲ್ಲಿ ಕರ್ನಾಟಕದ ಫೋನುಗಳೆಲ್ಲ ಒಮ್ಮೆಲೇ ಕಿರುಚಿದ್ದು ನೆನಪಿದೆ, ಅದು ಪರೀಕ್ಷೆ. ಟವರ್ ಇರುವಲ್ಲಿ ಒಳ್ಳೆಯ ಉಪಾಯವೇ. ಆದರೆ ಮಕ್ಕಳು ಆನ್‌ಲೈನ್ ಪಾಠಕ್ಕೆಂದು ಗುಡ್ಡ ಹತ್ತಿ ಕುಳಿತದ್ದೂ ಇದೇ ಉತ್ತರ ಕನ್ನಡದಲ್ಲಿ. ಇನ್ನು, ಗುಂಡಿ ಒತ್ತುವ ಕೈ ಪಳಗದಿದ್ದರೆ ಏನಾಗುತ್ತದೆ ಎಂಬುದನ್ನು ಕೆನಡಾದ ಒಂಟಾರಿಯೋದವರನ್ನು ಕೇಳಬೇಕು. 2020ರ ಜನವರಿ 12ರ ಭಾನುವಾರ ಬೆಳಿಗ್ಗೆ ಪಿಕರಿಂಗ್ ಅಣುಸ್ಥಾವರದಲ್ಲಿ ಅವಘಡವೆಂಬ ಸಂದೇಶ ಇಡೀ ಪ್ರಾಂತ್ಯದ ಫೋನುಗಳಿಗೆ ಬಂತು. ಸುಳ್ಳು, ತಪ್ಪಿ ಹೋದದ್ದು. ಅದು ಸುಳ್ಳೆಂಬ ಎರಡನೆಯ ಸಂದೇಶ ಫೋನುಗಳಿಗೆ ಬರಲು ಹೆಚ್ಚುಕಡಿಮೆ ಎರಡು ಗಂಟೆ ಬೇಕಾಯಿತು.

ಕೈಗಾದಲ್ಲಿ ಈಗಿರುವ 220 ಮೆಗಾವಾಟಿನ ನಾಲ್ಕು ಘಟಕಗಳ ಜೊತೆಗೆ 700 ಮೆಗಾವಾಟಿನ ಇನ್ನೆರಡು ಬರಲಿವೆ. ಸಾವಿರಾರು ಕೋಟಿಯ ಕಾಮಗಾರಿ. ಅದರಲ್ಲಿ ಹಳೆಯ ಲೈನು ಹೋಗಿ ಹೊಸದು ಬರುವಾಗ ಮಲ್ಲಾಪುರ, ಕದ್ರಾದಂಥ ಪ್ರತಿ ಗ್ರಾಮ ಪಂಚಾಯಿತಿಗೂ ಸ್ಥಾವರದಿಂದ ಒಂದು ನೇರ ಫೋನು ಬರಲಿ. ಅದರ ಬ್ಯಾಟರಿ ಬೇರೆ, ದಾರಿ ಬೇರೆ, ಹಗಲಿರುಳು ಅದರ ಮುಂದೆ ಕೂರುವ ಸಂಬಳದ ಮನುಷ್ಯ ಬೇರೆ. ಕೊಂಕಣಿಯೋ ಕನ್ನಡವೋ, ಆ ಊರಿನವರ ಭಾಷೆಯಲ್ಲಿ ಮಾತಾಡುವವನು. ಗಣ್ಯರು ಮೊದಲೇ ಬಂದು ಶಾಮಿಯಾನದಡಿ ಕುಳಿತು ನೋಡುವ ಅಣಕು ಪ್ರದರ್ಶನ ಸಾಕು. ಜುಲೈ ತಿಂಗಳ ಯಾವುದೋ ಒಂದು ರಾತ್ರಿ ಎರಡು ಗಂಟೆಗೆ, ಯಾರಿಗೂ ತಿಳಿಸದೆ ಆ ಫೋನಿಗೆ ಕರೆ ಮಾಡಿ. ಎಷ್ಟು ಸಲ ಬಾರಿಸಿತು, ಯಾರು ಎತ್ತಿಕೊಂಡರು ಎಂಬುದನ್ನು ಮರುದಿನ ಬೆಳಿಗ್ಗೆ ಪಂಚಾಯಿತಿಯ ಕರಿಹಲಗೆಯ ಮೇಲೆ ಬರೆದು ಹಾಕಿ.