ಎರಕದ ಅಂಕಿಯೂ ಒತ್ತಿದ ಅಂಕಿಯೂ



ಕಳೆದ ಮಾಗಿಯಲ್ಲಿ ನನ್ನ ಹಳೆಯ ಶಿಷ್ಯನೊಬ್ಬನು ಬೆಟ್ಟದಪುರದ ನಮ್ಮ ಮನೆಗೆ ಬಂದು, “ಮೇಷ್ಟ್ರೇ, ತಾವು ವೀರಗಲ್ಲಿನ ಅಕ್ಷರಗಳನ್ನು ಓದಿದವರು. ನಮ್ಮ ತಾತನ ಜೀಪಿನ ಮೇಲಿರುವ ಅಂಕಿಗಳನ್ನೂ ಒಂದಿಷ್ಟು ಓದಿಕೊಡಬೇಕು” ಎಂದು ಬೇಡಿಕೊಂಡನು. ಆ ಮನೆಯ ಯಜಮಾನರು ತೀರಿಕೊಂಡು ವರ್ಷ ತುಂಬಿರಲಿಲ್ಲ. ಮಗಳ ಮದುವೆ ಗೊತ್ತಾಗಿತ್ತು. ಹೊಗೆಸೊಪ್ಪಿನ ಬ್ಯಾರನ್ನಿನ ಪಕ್ಕದ ಕೊಟ್ಟಿಗೆಯಲ್ಲಿದ್ದ ಜೀಪನ್ನು ಮಾರುವ ಮಾತು ನಡೆದಿತ್ತು.

ಅದು ಎರಡನೆಯ ಮಹಾಯುದ್ಧದಲ್ಲಿ ದುಡಿದ ಗಾಡಿಯೆಂದು ಮನೆಯವರೆಲ್ಲರ ನಂಬಿಕೆ. ಇಂಜಿನಿನ ಮೇಲೆ ಉಬ್ಬಿನಿಂತಿದ್ದ 638632 ಎಂಬ ಅಂಕಿಯೇ ಅದಕ್ಕೆ ಸಾಕ್ಷಿಯೆಂದು ಯಾರೋ ಹೇಳಿದ್ದರಂತೆ. ನೋಡಲು ಬಂದ ದಲ್ಲಾಳಿಯಾದರೋ ಅದೇ ಅಂಕಿಯನ್ನು ಆರ್.ಸಿ. ಪುಸ್ತಕದೊಡನೆ ಹೋಲಿಸಿ, “ಇಲ್ಲಿರುವುದೇ ಬೇರೆ, ಅಲ್ಲಿರುವುದೇ ಬೇರೆ. ಇಂಜಿನು ಈ ಗಾಡಿಯದಲ್ಲ. ಕಬ್ಬಿಣದ ತೂಕಕ್ಕೆ ಕೊಡುವುದಾದರೆ ಕೊಡಿ” ಎಂದು ಹೇಳಿ ಹೋಗಿದ್ದನು. ಒಂದೇ ಅಂಕಿ ಒಬ್ಬರಿಗೆ ಕಿರೀಟವಾಯಿತು, ಇನ್ನೊಬ್ಬರಿಗೆ ಕಳಂಕವಾಯಿತು.

ಯಂತ್ರಶಾಸ್ತ್ರವು ನಾನು ಓದಿದ ಶಾಸ್ತ್ರವಲ್ಲ. ಆದ ಕಾರಣ ಪಿರಿಯಾಪಟ್ಟಣದ ವೃದ್ಧ ಮೆಕ್ಯಾನಿಕ್ಕರೊಬ್ಬರನ್ನು ಜತೆಗೆ ಕರೆದುಕೊಂಡು ಹೋದೆನು. ಅವರಿಂದ ತಿಳಿದುದನ್ನು ಗೃಹಸ್ಥರಾದ ತಮಗೂ ನಿವೇದಿಸುತ್ತೇನೆ.

ಹಳೆಯ ಇಂಜಿನಿನ ಒಡಲಿನ ಮೇಲೆ ಎರಡು ಬಗೆಯ ಅಂಕಿಗಳಿರುತ್ತವೆ. ಮೊದಲನೆಯದು ಎರಕದ ಅಂಕಿ. ಕರಗಿದ ಕಬ್ಬಿಣವನ್ನು ಹೊಯ್ಯುವ ಮೊದಲು ಮಾದರಿಯೊಂದನ್ನು ಮರಳಿನಲ್ಲಿ ಒತ್ತಿ ಅಚ್ಚನ್ನು ಸಿದ್ಧಪಡಿಸುತ್ತಾರೆ. ಆ ಮಾದರಿಯ ಮೇಲಿನ ಅಂಕಿಯು ಅದರಿಂದ ಹುಟ್ಟಿದ ಪ್ರತಿಯೊಂದು ಒಡಲಿನ ಮೇಲೂ ಉಬ್ಬಾಗಿ ಮೂಡುತ್ತದೆ. ಎರಡನೆಯದು ಇಂಜಿನು ಸಿದ್ಧವಾದ ಮೇಲೆ, ನಯಗೊಳಿಸಿದ ಒಂದು ಜಾಗದಲ್ಲಿ ಒಂದೊಂದಕ್ಕೂ ಬೇರೆ ಬೇರೆಯಾಗಿ ಒತ್ತಿದ ಅಂಕಿ. ಗ್ಯಾರೇಜಿನವರು ಇದನ್ನು ಪಂಚ್ ಹೊಡೆದ ನಂಬರು ಎನ್ನುತ್ತಾರೆ. ಅದು ಉಬ್ಬಿರುವುದಿಲ್ಲ, ತಗ್ಗಿರುತ್ತದೆ. ಬೆರಳಿನಿಂದ ಸವರಿದರೆ ಕಣ್ಣು ಮಂದವಾದವರಿಗೂ ಭೇದವು ತಿಳಿಯುವುದು.

ಪದಕ್ಕೆ ಅರ್ಥವು ಆಕೃತಿಯೋ ದ್ರವ್ಯವೋ ಎಂದು ಪತಂಜಲಿಯು ಮಹಾಭಾಷ್ಯದ ಆರಂಭದಲ್ಲಿಯೇ ಚರ್ಚಿಸಿದ್ದಾನೆ. ಗೋವೆಂದರೆ ಸಮಸ್ತ ಗೋವುಗಳಲ್ಲಿರುವ ರೂಪವೋ, ಎದುರಿಗೆ ನಿಂತಿರುವ ಈ ಒಂದು ಹಸುವೋ? ಎರಕದ ಅಂಕಿಯು ಆಕೃತಿಯನ್ನು ಹೇಳುತ್ತದೆ. ಒತ್ತಿದ ಅಂಕಿಯು ದ್ರವ್ಯವನ್ನು ಹೇಳುತ್ತದೆ. ಒಂದರಿಂದ ಕುಲವು ತಿಳಿದರೆ, ಇನ್ನೊಂದರಿಂದ ವ್ಯಕ್ತಿಯು ತಿಳಿಯುವುದು. ಆರ್.ಸಿ. ಪುಸ್ತಕದಲ್ಲಿ ಬರೆದಿರುವುದು ಈ ಎರಡನೆಯದೇ ಹೊರತು ಮೊದಲನೆಯದಲ್ಲ. ದಲ್ಲಾಳಿಯು ಕುಲದ ಹೆಸರನ್ನು ವ್ಯಕ್ತಿಯ ಹೆಸರಿನೊಡನೆ ಹೋಲಿಸಿ, ಹೊಂದಲಿಲ್ಲವೆಂದು ಹೇಳಿದ್ದನು!

ಹಾಗಾದರೆ ಮನೆಯವರ ಮಾತು ನಿಜವೇ? ಅಮೆರಿಕದ ವಿಲ್ಲಿಸ್ ಮತ್ತು ಫೋರ್ಡ್ ಕಾರ್ಖಾನೆಗಳು 1941ರಿಂದ 1945ರವರೆಗೆ ಆರು ಲಕ್ಷಕ್ಕೂ ಹೆಚ್ಚು ಯುದ್ಧದ ಜೀಪುಗಳನ್ನು ತಯಾರಿಸಿದುವು. ವಿಲ್ಲಿಸ್ ಇಂಜಿನುಗಳ ಒಡಲಿನ ಮೇಲೆ 638632 ಎಂಬ ಎರಕದ ಅಂಕಿ ಇದ್ದುದು ದಿಟ. ಆದರೆ ಯುದ್ಧವು ಮುಗಿದೊಡನೆ ಕಾರ್ಖಾನೆಯವರು ಮಾದರಿಯನ್ನು ಎಸೆದುಬಿಡಲಿಲ್ಲ. 1945ರಲ್ಲಿ ರೈತರಿಗಾಗಿಯೂ ನಾಗರಿಕರಿಗಾಗಿಯೂ ಮಾಡತೊಡಗಿದ ಮೊದಮೊದಲ ಜೀಪುಗಳಿಗೂ ಅದೇ ಎರಕವನ್ನು ಹೊಯ್ದರು. 641087 ಎಂಬುದು ಅದರ ಅನಂತರ ಬಂದ ಎರಕ. ಹೀಗಿರಲು 638632 ಎಂಬುದೊಂದರಿಂದಲೇ ಯುದ್ಧದ ಇಂಜಿನೆಂದು ನಿರ್ಣಯಿಸುವುದು ಅವಸರವಾಗುತ್ತದೆ. ಒತ್ತಿದ ಅಂಕಿಯ ಮುಂದೆ ‘ಎಂಬಿ’ ಎಂಬ ಅಕ್ಷರಗಳಿದ್ದರೆ ಯುದ್ಧದ್ದು, ‘ಜೆ’ ಎಂದಿದ್ದರೆ ನಾಗರಿಕರದು.

ಅನಂತರ ಬಂದ ಇನ್ನೊಂದು ಇಂಜಿನನ್ನು ಅಂಕಿಯಿಲ್ಲದೆಯೇ ಗುರುತಿಸಬಹುದು. ಹಳೆಯದರ ತಲೆಯು ಚಪ್ಪಟೆಯಾದ ಮುಚ್ಚಳದಂತಿದ್ದು, ಸ್ಪಾರ್ಕ್ ಪ್ಲಗ್ಗುಗಳು ಅದರ ಮೇಲೆ ನೆಟ್ಟಗೆ ನಿಂತಿರುತ್ತವೆ. 1950ರಲ್ಲಿ ಬಂದ ಇಂಜಿನಿನಲ್ಲಿ ಗಾಳಿಯನ್ನು ಒಳಕ್ಕೆ ಬಿಡುವ ಕವಾಟಗಳು ತಲೆಗೇರಿದುವು, ಇಂಜಿನು ಎತ್ತರವಾಯಿತು. ಮಹೀಂದ್ರ ಕಂಪನಿಯವರು ನಮ್ಮ ದೇಶದಲ್ಲಿ ಬಹುಕಾಲ ತಯಾರಿಸಿದ ಎತ್ತರದ ಮೂತಿಯ ಜೀಪಿಗೆ ಆ ಮೂತಿ ಬಂದುದು ಈ ಕಾರಣದಿಂದಲೇ.

ನಾವು ಇಂಜಿನನ್ನು ನೋಡಿದ ಕ್ರಮವಿದು. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಜಿಡ್ಡನ್ನು ನೆನೆಸಿ ಒರೆಸಿದೆವು. ಉಬ್ಬಿದ ಅಂಕಿಯ ಮೇಲೆ ಸೀಮೆಸುಣ್ಣವನ್ನು ಅಡ್ಡವಾಗಿ ಉಜ್ಜಿದೆವು. ಬಳಿಕ ಇಂಜಿನಿನ ಮುಂಭಾಗದಲ್ಲಿ, ನೀರಿನ ಪಂಪಿನ ಬಲಮಗ್ಗುಲಿನ ಉಬ್ಬುಜಾಗದ ಮೇಲೆ ತೆಳುವಾದ ಕಾಗದವನ್ನಿಟ್ಟು ಪೆನ್ಸಿಲಿನಿಂದ ಹಗುರವಾಗಿ ಉಜ್ಜಿ ಪಡಿಯಚ್ಚು ತೆಗೆದೆವು. ಶಾಸನಗಳನ್ನು ಪ್ರತಿಮಾಡುವವರ ಕ್ರಮವೂ ಹೆಚ್ಚುಕಡಮೆ ಇಂಥದೇ. ಅರವನ್ನಾಗಲಿ ಉಜ್ಜುಕಾಗದವನ್ನಾಗಲಿ ಆ ಜಾಗಕ್ಕೆ ಸೋಕಿಸಲಾಗದು. ಒತ್ತಿದ ಅಂಕಿ ಸವೆದರೆ, ಯಾರೋ ಬೇಕೆಂದೇ ಅಳಿಸಿದರೆಂಬ ಸಂಶಯಕ್ಕೆ ಎಡೆಯಾಗುವುದು. 3ನ್ನೂ 8ನ್ನೂ, 1ನ್ನೂ 7ನ್ನೂ ಒಂದಕ್ಕೊಂದು ತಿಳಿಯುವುದು ಸುಲಭವಾದ್ದರಿಂದ, ಇಬ್ಬರು ಬೇರೆ ಬೇರೆಯಾಗಿ ಓದಿ ಆಮೇಲೆ ಹೋಲಿಸುವುದು ಲೇಸು.

ಕಾಗದದ ಮೇಲೆ ಮೂಡಿದ ಮೊದಲ ಅಕ್ಷರವು ‘ಜೆ’. ಹುಡುಗನ ಮುಖವು ಬಾಡಿತು. ಮುಂದಿನ ಅಂಕಿಗಳನ್ನು ಆರ್.ಸಿ. ಪುಸ್ತಕದೊಡನೆ ಒಂದೊಂದಾಗಿ ಹೋಲಿಸಿದೆವು. ಒಂದೂ ತಪ್ಪದೆ ಹೊಂದಿತು. ಯುದ್ಧದ ಇಂಜಿನೆಂಬುದು ಸುಳ್ಳಾಯಿತು, ಪರರ ಇಂಜಿನೆಂಬುದೂ ಸುಳ್ಳಾಯಿತು.

“ತಾತ ಸುಳ್ಳು ಹೇಳಿದರೇ, ಮೇಷ್ಟ್ರೇ?” ಎಂದು ಹುಡುಗನು ಕೇಳಿದನು. “ಇಲ್ಲಪ್ಪ. ಅವರು ಕೇಳಿದುದನ್ನು ಹೇಳಿದರು. ಹೇಳಿದವರು ಅರ್ಧ ಓದಿದ್ದರು” ಎಂದೆನು.

ಇದು ಹೆಮ್ಮೆಯ ವಿಚಾರ ಮಾತ್ರವಲ್ಲ. 1988ರ ಮೋಟಾರು ವಾಹನಗಳ ಅಧಿನಿಯಮದ ಪ್ರಕಾರ ಇಂಜಿನನ್ನು ಬದಲಿಸಿದವರು ನೋಂದಣಿ ಅಧಿಕಾರಿಗೆ ತಿಳಿಸಬೇಕು. 2021ರಲ್ಲಿ ಕೇಂದ್ರ ಸರ್ಕಾರವು ಹೊರಡಿಸಿದ ನಿಯಮಗಳಂತೆ, ಮೊದಲ ನೋಂದಣಿಯಾಗಿ 50 ವರ್ಷ ಮೀರಿ, ಮೂಲರೂಪವನ್ನು ಉಳಿಸಿಕೊಂಡಿರುವ ಗಾಡಿಗಳಿಗೆ ಪ್ರಾಚೀನ ವಾಹನಗಳೆಂದು ಬೇರೆ ನೋಂದಣಿಯುಂಟು. ಅಲ್ಲಿ ಇಂಜಿನು ಯಾವುದೆಂಬ ಪ್ರಶ್ನೆ ಬಂದೇ ಬರುವುದು. ‘ಜೆ’ಯನ್ನು ಅಳಿಸಿ ‘ಎಂಬಿ’ ಎಂದು ಒತ್ತಿಕೊಡುವೆನೆನ್ನುವವರೂ ದೊರಕಿಯಾರು. ಅದು ಕೂಟಶಾಸನವನ್ನು ಬರೆದಂತೆ. ಗಂಗರ ಹೆಸರಿನ ಎಷ್ಟೋ ತಾಮ್ರಶಾಸನಗಳನ್ನು ಅವುಗಳ ಲಿಪಿಯೇ ವಿದ್ವಾಂಸರ ಕೈಗೆ ಹಿಡಿದುಕೊಟ್ಟಿತು. ಕಬ್ಬಿಣವೂ ಹಾಗೆಯೇ ಹಿಡಿದುಕೊಡುವುದು.

ಹುಡುಗನ ಅಜ್ಜಿ ಜಗಲಿಯ ಮೇಲೆ ಕುಳಿತು ಎಲ್ಲವನ್ನೂ ಕೇಳುತ್ತಿದ್ದರು. ಕೊನೆಗೆ, “ಯುದ್ಧಕ್ಕೆ ಹೋಗದಿದ್ದರೆ ಬೇಡ ಬಿಡಿ, ಮೇಷ್ಟ್ರೇ. ನಮ್ಮದು ನಮ್ಮದೇ ತಾನೆ? ಕೊಳ್ಳುವವರಿಗೆ ಇದ್ದದ್ದು ಇದ್ದಹಾಗೆ ಹೇಳಿ” ಎಂದರು. ಹಾಗೆಯೇ ಹೇಳಲಾಯಿತು. ಪಡಿಯಚ್ಚಿನ ಕಾಗದವನ್ನೂ ಪುಸ್ತಕವನ್ನೂ ಒಟ್ಟಿಗೆ ಕಂಡ ಇನ್ನೊಬ್ಬ ಗೃಹಸ್ಥರು ನ್ಯಾಯವಾದ ಬೆಲೆಯನ್ನು ಕೊಟ್ಟು ಜೀಪನ್ನು ಕೊಂಡರು. ಮದುವೆಯ ಊಟಕ್ಕೆ ನಾನೂ ಹೋಗಿದ್ದೆನು.

ತಮ್ಮ ಮನೆಯಲ್ಲಿಯೂ ಹಿರಿಯರ ಗಾಡಿಯೊಂದಿದ್ದರೆ, ಮಾರುವ ಮಾತು ಬರುವ ಮೊದಲೇ ಎರಡೂ ಅಂಕಿಗಳನ್ನು ಓದಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು.