ನಿಗಮಗಳ ಖಾತೆಗೆ ಕಾವಲು ಯಾರು?

ಕರ್ನಾಟಕ ಮಹರ್ಷಿ ವಾಲ್ಮೀಕಿ ಪರಿಶಿಷ್ಟ ಪಂಗಡಗಳ ಅಭಿವೃದ್ಧಿ ನಿಗಮದ ಹಗರಣದಲ್ಲಿ ಹೋದ ಹಣವೆಷ್ಟು ಎಂಬ ಬಗ್ಗೆ ಸಾಕಷ್ಟು ವಾಗ್ವಾದ ನಡೆಯಿತು. ವಿರೋಧ ಪಕ್ಷದವರು 187 ಕೋಟಿ ರೂಪಾಯಿ ಎಂದರು; 2024ರ ಜುಲೈನಲ್ಲಿ ಮುಖ್ಯಮಂತ್ರಿಗಳು ವಿಧಾನಸಭೆಯಲ್ಲಿ 89.63 ಕೋಟಿ ಎಂದು ತಿದ್ದಿದರು. ಸಚಿವ ಬಿ. ನಾಗೇಂದ್ರ ಅದಕ್ಕೂ ಮೊದಲೇ ರಾಜೀನಾಮೆ ಕೊಟ್ಟಿದ್ದರು. ಅಪರಾಧಿಗಳು ಯಾರೆಂಬುದನ್ನು ನ್ಯಾಯಾಲಯ ನಿರ್ಧರಿಸಲಿ. ಸರ್ಕಾರಿ ಕಡತಗಳ ನಡುವೆ ಮೂರು ದಶಕ ಕಳೆದ ನನಗೆ ಕಾಡುವ ಪ್ರಶ್ನೆ ಬೇರೆ: ಇಷ್ಟು ಹಣ ಖಾತೆಯಿಂದ ಹೊರಟಾಗ ನಿಗಮದೊಳಗೆ ಅದನ್ನು ಕಂಡು ತಡೆಯುವವರು ಏಕಿರಲಿಲ್ಲ?

2024ರ ಫೆಬ್ರವರಿಯಲ್ಲಿ ನಿಗಮದ ಖಾತೆ ಬ್ಯಾಂಕಿನ ವಸಂತನಗರ ಶಾಖೆಯಿಂದ ಎಂ.ಜಿ. ರಸ್ತೆ ಶಾಖೆಗೆ ವರ್ಗವಾಯಿತು. ಆ ಖಾತೆಗೆ ಬಂದ ಹಣ ಹೈದರಾಬಾದಿನ ಖಾತೆಗಳಿಗೆ ಹರಿಯಿತು. ಮೇ 26ರಂದು ನಿಗಮದ ಲೆಕ್ಕಪತ್ರ ಅಧೀಕ್ಷಕರೊಬ್ಬರು ಶಿವಮೊಗ್ಗದಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಅವರು ಬರೆದಿಟ್ಟ ಪತ್ರದಿಂದಲೇ ನಾಡಿಗೆ ಈ ವಿಷಯ ತಿಳಿದದ್ದು.

ಇದಕ್ಕಾಗಿ ಮಹಾಲೇಖಪಾಲರನ್ನು ದೂರಿ ಫಲವಿಲ್ಲ. ನಿಗಮವೆಂದರೆ ಕಾನೂನಿನ ದೃಷ್ಟಿಯಲ್ಲಿ ಸರ್ಕಾರಿ ಕಂಪನಿ. ಸಿಎಜಿ ನೇಮಿಸಿದ ಪರಿಶೋಧಕರು ಅದರ ವಾರ್ಷಿಕ ಲೆಕ್ಕ ನೋಡುವುದು ವರ್ಷ ಮುಗಿದ ನಂತರ; ವಾರಗಳಲ್ಲಿ ಕರಗುವ ಹಣಕ್ಕೆ ಆ ಕಾವಲು ಸಾಲದು. ಪರಿಶೋಧನೆ ನಡೆಯಬೇಕಾದದ್ದು ಒಳ ನಿಯಂತ್ರಣದ ಮೇಲೆ. ಹೊಸ ಖಾತೆಗೆ ಅನುಮತಿ ನೀಡಿದವರಾರು? ಆಡಳಿತ ಮಂಡಳಿಯ ನಿರ್ಣಯವಿದೆಯೇ? ಚೆಕ್ಕಿಗೆ ಸಹಿ ಹಾಕದ ಇನ್ನೊಬ್ಬ ಅಧಿಕಾರಿ ಪ್ರತಿ ತಿಂಗಳು ಬ್ಯಾಂಕ್ ಲೆಕ್ಕವನ್ನು ನಗದು ಪುಸ್ತಕದೊಡನೆ ತಾಳೆ ನೋಡಿದ್ದಾರೆಯೇ? ವಿದ್ಯಾರಣ್ಯಪುರದ ನಮ್ಮ ಬಿಇಎಲ್ ಬಡಾವಣೆಯ ಪಿಂಚಣಿದಾರರು ತಿಂಗಳ ಮೊದಲ ವಾರವೇ ಪಾಸ್‌ಬುಕ್ ಹಿಡಿದು ಬ್ಯಾಂಕಿನ ಮುಂದೆ ಸಾಲು ನಿಲ್ಲುತ್ತಾರೆ. ಕೋಟಿಗಳನ್ನು ನಿರ್ವಹಿಸುವ ಸಂಸ್ಥೆಯಿಂದ ಅಷ್ಟನ್ನಾದರೂ ನಿರೀಕ್ಷಿಸಬಾರದೇ?

ಇನ್ನೊಂದು ರೋಗ ಹಳೆಯದು. ಅನುದಾನದ ಬಹುಭಾಗ ವರ್ಷಾಂತ್ಯದಲ್ಲಿ ಬಿಡುಗಡೆಯಾಗುತ್ತದೆ. ವ್ಯಪಗತವಾದೀತೆಂಬ ಭಯದಿಂದ ಅದನ್ನು ಖಜಾನೆಯಿಂದ ಸೆಳೆದು ಬ್ಯಾಂಕಿನಲ್ಲಿ ಇಡಲಾಗುತ್ತದೆ. ಕಾಗದದ ಮೇಲೆ ಅದು ವೆಚ್ಚ, ವಾಸ್ತವದಲ್ಲಿ ನಿಂತ ನೀರು. ಫಲಾನುಭವಿಗಳ ಪಟ್ಟಿಯೇ ಅಂತಿಮವಾಗದ ಹಣದ ಮೇಲೆ ಯಾರ ಕಣ್ಣೂ ಬೀಳಬಹುದು.

ಸರ್ಕಾರಕ್ಕೆ ಆಗ ಸೂಝಿದ್ದು ಬ್ಯಾಂಕುಗಳ ಮೇಲಿನ ಮುನಿಸು. ಬೇರೆ ಸಂಸ್ಥೆಗಳ ಹಳೆಯ ಠೇವಣಿ ವಂಚನೆಗಳನ್ನು ಮುಂದಿಟ್ಟು, 2024ರ ಆಗಸ್ಟ್‌ನಲ್ಲಿ ಸ್ಟೇಟ್ ಬ್ಯಾಂಕ್ ಮತ್ತು ಪಂಜಾಬ್ ನ್ಯಾಷನಲ್ ಬ್ಯಾಂಕುಗಳಲ್ಲಿನ ಖಾತೆಗಳನ್ನೆಲ್ಲ ಮುಚ್ಚುವಂತೆ ಸುತ್ತೋಲೆ ಹೊರಟಿತು. ಕೆಲವೇ ದಿನಗಳಲ್ಲಿ ಅದನ್ನು ತಡೆಹಿಡಿಯಲಾಯಿತು. ಬ್ಯಾಂಕುಗಳ ಹೊಣೆ ಇಲ್ಲವೆಂದಲ್ಲ. ಆದರೆ ಬ್ಯಾಂಕು ಬದಲಾದ ಮಾತ್ರಕ್ಕೆ ತಾಳೆ ನೋಡುವ ಅಭ್ಯಾಸ ತಾನಾಗಿ ಬಾರದು.

ಗಂಗಾ ಕಲ್ಯಾಣ ಯೋಜನೆಯ ಕೊಳವೆಬಾವಿಗಾಗಿ ಅರ್ಜಿ ಹಾಕಿ ಕಾಯುವ ನಾಯಕ ಸಮುದಾಯದ ಸಣ್ಣ ರೈತನಿಗೆ ಈ ಲೆಕ್ಕಗಳನ್ನು ಕೇಳುವ ದಾರಿಯಿಲ್ಲ. ಅವನ ಪರವಾಗಿ ಕೇಳಬೇಕಾದದ್ದು ಶಾಸನಸಭೆಯ ಸಾರ್ವಜನಿಕ ಉದ್ಯಮಗಳ ಸಮಿತಿ. ರಾಜ್ಯದ ಪ್ರತಿ ಅಭಿವೃದ್ಧಿ ನಿಗಮದ ಬ್ಯಾಂಕ್ ಖಾತೆಗಳ ಪಟ್ಟಿ, ಅವುಗಳ ಶಿಲ್ಕು ಮತ್ತು ಕೊನೆಯ ಬಾರಿ ತಾಳೆ ನೋಡಿದ ದಿನಾಂಕವನ್ನು ಅದು ತರಿಸಿಕೊಳ್ಳಲಿ. ಉತ್ತರ ಬಾರದ ನಿಗಮಗಳಿಂದಲೇ ಪರಿಶೋಧನೆ ಆರಂಭಿಸಬಹುದು.