ಗೇರು ಕಿತ್ತ ಗಾಡಿ ಯಾರ ಲೆಕ್ಕಕ್ಕೆ?

ಚಿತ್ತವಾಡ್ಗಿಯ ಸಕ್ಕರೆ ಕಾರ್ಖಾನೆ ಮುಚ್ಚಿತು. ಆದರೆ ಕಬ್ಬು, ಬೆಲ್ಲ, ಬಾಳೆಗೊನೆ ಸಾಗೋದು ನಿಂತಿಲ್ಲ. ಕಂಪ್ಲಿ ಕಡೆಯ ಅಕ್ಕಿ ಮೂಟೆಯಿಂದ ಹಿಡಿದು ಸಂಡೂರಿನ ಅಂಗಡಿಗೆ ಹೋಗುವ ಕಿರಾಣಿ ಸಾಮಾನಿನವರೆಗೆ ಹೊರುವುದು ಪಿಕಪ್ ಗಾಡಿಗಳೇ. ಅವುಗಳಲ್ಲಿ ಹತ್ತು ಹನ್ನೆರಡು ವರ್ಷ ದುಡಿದವೂ ಇವೆ. ಇಂಥ ಗಾಡಿ ನಡುರಸ್ತೆಯಲ್ಲಿ ಗೇರು ಬೀಳದೆ ನಿಂತರೆ ಹಿಂದಿನ ಬಸ್ಸೂ ನಿಲ್ಲುತ್ತದೆ, ಅಂಗಡಿಗೆ ಮಾಲೂ ಬರೋದಿಲ್ಲ. ಕೇಳಿದರೆ ಉತ್ತರ ಒಂದೇ: "ಗಾಡಿ ಹಳೇದಾಯ್ತು ಸ್ವಾಮಿ."

ಹಳೇದಾದ ಮಾತ್ರಕ್ಕೆ ಗೇರ್ ಬಾಕ್ಸ್ ಕೆಡುತ್ತದೆಯೇ? ಇಲ್ಲ. ಕೆಡಿಸುವುದು ಮುಖ್ಯವಾಗಿ ಮೂರು. ಒಂದು, ಮಿತಿಮೀರಿದ ಲೋಡು. ಎರಡು, ಗೇಟಿನಲ್ಲಿ, ಏರಿನಲ್ಲಿ ಹಾಫ್ ಕ್ಲಚ್ಚಿನ ಮೇಲೆ ಗಾಡಿ ಹಿಡಿಯುವುದು. ಇದರಿಂದ ಕ್ಲಚ್ ಪ್ಲೇಟು ಸವೆದು ಸುಡುತ್ತದೆ. ಮೂರು, ವರ್ಷಗಟ್ಟಲೆ ಬದಲಾಯಿಸದ ಗೇರ್ ಆಯಿಲ್. ಸೀಲ್ ಸೋರಿ ಆಯಿಲ್ ಇಳಿದರೆ ಒಳಗೆ ಹಲ್ಲಿಗೆ ಹಲ್ಲು ಉಜ್ಜುತ್ತದೆ. ಗೇರುಗಳ ವೇಗ ಹೊಂದಿಸುವ ಹಿತ್ತಾಳೆ ರಿಂಗು ಸವೆದಾಗ ಕರಕರ ಸದ್ದು ಶುರು. ಕಡೆಗೆ ಹಾಕಿದ ಗೇರು ತಾನಾಗಿ ಕಿತ್ತು ನ್ಯೂಟ್ರಲ್‌ಗೆ ಬರುತ್ತದೆ.

ಅಪಾಯ ಇರುವುದು ಇಲ್ಲೇ. ಸಂಡೂರು ರಸ್ತೆಯಂಥ ಇಳಿಜಾರಿನಲ್ಲಿ ಗೇರು ಕಿತ್ತರೆ ಎಂಜಿನ್ನಿನ ಹಿಡಿತ ತಪ್ಪಿತು ಅಂತ ಲೆಕ್ಕ. ಇಡೀ ಭಾರ ಬ್ರೇಕಿನ ಮೇಲೆ. ಬ್ರೇಕು ಕಾದರೆ? ಎದುರಿಗೆ ಬರುವ ಬಸ್ಸಿನಲ್ಲಿ ನೀವೇ ಕುಳಿತಿರಬಹುದು. ಡೀಸೆಲ್ ಉಳಿಸಲು ಬೇಕಂತಲೇ ನ್ಯೂಟ್ರಲ್‌ನಲ್ಲಿ ಇಳಿಸುವವರಿಗೂ ಇದೇ ಗತಿ.

ಎಂಟು ವರ್ಷ ದಾಟಿದ ಬಾಡಿಗೆ ಗಾಡಿಗೆ ಪ್ರತಿ ವರ್ಷ ಎಫ್‌ಸಿ ಆಗಬೇಕು, ನಿಜ. ಆದರೆ ಅಲ್ಲಿ ಯಾರೂ ಗೇರ್ ಬಾಕ್ಸ್ ಬಿಚ್ಚಿ ನೋಡೋದಿಲ್ಲ.

ಹಾಗಾದರೆ ತಪ್ಪು ಡ್ರೈವರನದಷ್ಟೇ? ಅಂಗಡಿಯವರೂ ಕೊಂಚ ಯೋಚಿಸಬೇಕು. 2005ರಲ್ಲಿ ಬಂದ ಟಾಟಾ ಏಸ್ ಗಾಡಿಗೆ ಹೇಳಿದ ಭಾರ 750 ಕಿಲೋ. ಅಂದರೆ 50 ಕಿಲೋದ 15 ಮೂಟೆ. ಎರಡು ಟ್ರಿಪ್ಪಿನ ಮಾಲನ್ನು ಒಂದೇ ಟ್ರಿಪ್ಪಿಗೆ ತುಂಬಿಸಿ, ಬಾಡಿಗೆಯನ್ನೂ ಜಗ್ಗಾಡಿದರೆ ಆತ ಆಯಿಲ್‌ಗೆ ದುಡ್ಡು ಎಲ್ಲಿಂದ ತಂದಾನು? ಕಂತು ಕಟ್ಟಬೇಕು, ಮನೆ ನಡೀಬೇಕು. ಗಾಡಿಯನ್ನು ಮೂರು ದಿನ ಗ್ಯಾರೇಜಿನಲ್ಲಿ ಬಿಟ್ಟರೆ ಮೂರು ದಿನದ ದುಡಿಮೆ ಹೋಯ್ತು. ಅದಕ್ಕೇ ಸದ್ದು ಕೇಳಿದರೂ ಕೇಳದಂತೆ ಓಡಿಸುತ್ತಾನೆ.

ಕಾನೂನೂ ಡ್ರೈವರನನ್ನಷ್ಟೇ ಹಿಡಿಯುವುದಿಲ್ಲ. 2019ರಲ್ಲಿ ತಿದ್ದಿದ ಕೇಂದ್ರ ಮೋಟಾರು ವಾಹನ ಕಾಯ್ದೆಯಲ್ಲಿ ಹೆಚ್ಚು ಭಾರಕ್ಕೆ 20,000 ರೂಪಾಯಿ, ಮೇಲೆ ಹೆಚ್ಚಾದ ಟನ್ನಿಗೆ 2,000 ರೂಪಾಯಿ ದಂಡ ಬರೆದಿದೆ. ಅದೂ ಓಡಿಸಿದವನಿಗೆ ಮಾತ್ರವಲ್ಲ, ಓಡಿಸುವಂತೆ ಮಾಡಿದವನಿಗೂ.

ಸಾರಿಗೆ ಅಧಿಕಾರಿಗಳು ಹೆದ್ದಾರಿಯಲ್ಲಿ ಕಾದು ನಿಲ್ಲುವ ಬದಲು ಮಾಲು ತುಂಬುವ ಜಾಗದಲ್ಲೇ ತೂಕ ನೋಡಲಿ. ಮಾಲಿನವರು ಮೂಟೆ ಎಣಿಸಿ ತುಂಬಿಸಲಿ, ಎರಡನೇ ಟ್ರಿಪ್ಪಿಗೆ ಎರಡನೇ ಬಾಡಿಗೆ ಕೊಡಲಿ. ಡ್ರೈವರಣ್ಣಗಳು ಸದ್ದು ಶುರುವಾದ ವಾರವೇ ಆಯಿಲ್ ನೋಡಿಸಲಿ. ಆಯಿಲ್ ಹಾಕಿಸೋದು ಒಂದು ಹೊತ್ತಿನ ಕೆಲಸ. ಹಲ್ಲು ಮುರಿದ ಮೇಲೆ ಇಡೀ ಗೇರ್ ಬಾಕ್ಸನ್ನೇ ಇಳಿಸಬೇಕು.